ಬಾಲವಿಲ್ಲದ ಚುಕ್ಕೆ

ಪುಲಾಸ್ಕಿ ಬೀದಿಯ ಕಾಜಿಮಿರ್ ವೊಯ್ತಾಲಾ ತನ್ನ ಕಾರಿನ ಬ್ರೇಕೆಣ್ಣೆ ಡಬ್ಬಿಯ ಪಕ್ಕೆಗೆ ಇಟ್ಟ ಹಳದಿ ಚುಕ್ಕೆಯಷ್ಟು ದುಂಡಗಿನ ವಸ್ತು ಇಡೀ ಹಾರ್ಟ್‌ವಿಕ್ ಊರಿನಲ್ಲಿ ಇನ್ನೊಂದಿರಲಿಲ್ಲ. ಹುಣ್ಣಿಮೆ ಚಂದ್ರನಿಗಾದರೂ ಒಂದು ಕಲೆ ಇದೆ, ಇದಕ್ಕೆ ಅದೂ ಇರಲಿಲ್ಲ. ಇಂಥ ನಿಷ್ಕಳಂಕ ಚುಕ್ಕೆಯ ದೆಸೆಯಿಂದ ಒಂದು ಸಂಸಾರದ ಮಾನ, ಒಬ್ಬ ಹಲ್ಲಿನ ಡಾಕ್ಟರ ಮೂತ್ರಕೋಶ ಮತ್ತು ಪೊಲೀಸ್ ಇಲಾಖೆಯ ಒಂದು ವಾಹನ ಒಟ್ಟೊಟ್ಟಿಗೆ ಸಂಕಟಕ್ಕೆ ಸಿಕ್ಕಿಕೊಂಡವು ಎಂದರೆ ಯಾರೂ ನಂಬುವುದಿಲ್ಲ. ಪೊಲೀಸ್ ವಾಹನದ ಮೇಲೆ ಹಳದಿ ಬಣ್ಣ ಇನ್ನೂ ಇದೆ. ಅನುಮಾನವಿದ್ದವರು ಹೋಗಿ ನೋಡಬಹುದು.

ಕಾರು ಹಾಲ್‌ಸ್ಟೆಡ್ ಕಂಪನಿಯ ಎಪ್ಪತ್ತೊಂದನೇ ಇಸವಿಯ ಬ್ಯಾಜರ್. ಉದ್ದ ಮೂತಿ, ಮೋಟು ಬೆನ್ನು, ಹೊಟ್ಟೆಯೊಳಗೆ ಎಂಟು ಸಿಲಿಂಡರು. ಸುಮ್ಮನೆ ನಿಂತಾಗಲೂ ಯಾರಿಗೋ ಹೊಡೆಯಲು ತೋಳು ಮಡಿಸುತ್ತಿರುವಂತೆ ಗುರುಗುಟ್ಟುವ ಜಾತಿ. ಎಂಜಿನ್ನು, ಮೈಬಣ್ಣ ಎಲ್ಲವನ್ನೂ ಹಿಂದಿನ ಮಾಲೀಕ ಸರಿಮಾಡಿಸಿ ಅಷ್ಟರಲ್ಲೇ ಸತ್ತಿದ್ದ. ಉಳಿದದ್ದು ಚಿಲ್ಲರೆ ಕೆಲಸ: ತಿರುಪು, ಕ್ಲಿಪ್ಪು, ಗುಂಡಿ, ರಬ್ಬರು, ಗಡಿಯಾರದ ಮುಳ್ಳು. ಈ ಚಿಲ್ಲರೆಗೆ ಕಾಜಿಮಿರ್, ಊರವರ ಬಾಯಲ್ಲಿ ಕಾಜ್, ನಾಲ್ಕು ವರ್ಷ ತೆಗೆದುಕೊಂಡ. ಬೇರೆ ಕಾರಿನ ತಿರುಪು ಹಾಕುವಂತಿಲ್ಲ, ಹೊಸದು ಕೊಳ್ಳುವಂತಿಲ್ಲ. ಹುಟ್ಟಿದಾಗ ಯಾವುದಿತ್ತೋ ಅದನ್ನೇ ತುಕ್ಕು ಬಿಡಿಸಿ, ಅದರ ತೂತಿಗೇ ಕೂರಿಸಬೇಕು. ತಿರುಪುಗಳು ಹೆಂಡತಿ ಬರ್ನಡೀನಳ ಉಪ್ಪಿನಕಾಯಿ ಜಾಡಿಯಲ್ಲಿ ವಿನೆಗರ್ ಕುಡಿಯುತ್ತಾ ಮಲಗಿದವು. ಅರುವತ್ತಮೂರು ಕ್ಲಿಪ್ಪುಗಳು ಮೊಟ್ಟೆಯ ಟ್ರೇಗಳಲ್ಲಿ ಕಾವಿಗೆ ಕೂತವು. ಹಾರನ್ನಿಗೆ ಕಪ್ಪು ಬಣ್ಣ ಹಚ್ಚಿ ಅಡುಗೆಮನೆಯ ಓವನ್ನಿನಲ್ಲಿ ಬೇಯಿಸಿದ್ದರಿಂದ ಆ ವರ್ಷದ ಈಸ್ಟರ್ ಹಬ್ಬದ ಹಂದಿಮಾಂಸ ತಿಂದವರೆಲ್ಲ ಮೂರು ದಿನ ಹೊಸ ಕಾರಿನ ವಾಸನೆಯ ತೇಗು ಬಿಟ್ಟರು.

"ಇನ್ನೊಂದ್ಸಲ ನನ್ನ ಓವನ್ನಿಗೆ ಕಾರು ಇಟ್ರೆ, ನಿನ್ನನ್ನೂ ಅದರ ಜೊತೆ ಇಟ್ಟು ಬಾಗಿಲು ಹಾಕ್ತೀನಿ," ಅಂದಳು ಬರ್ನಡೀನ್.

"ಎಷ್ಟು ಹೊತ್ತು?" ಅಂದ ಕಾಜ್. ಅವನು ಆಗ ಒಂದು ಗುಂಡಿಯನ್ನು ಬೆಳಕಿಗೆ ಹಿಡಿದಿದ್ದ, ಮಾತು ಪೂರ್ತಿ ಕೇಳಿಸಿರಲಿಲ್ಲ.

ಅವನು ಹಾಗೆಯೇ. ಕನ್ನಡಕ ಮೊಟ್ಟೆಯ ಟ್ರೇಯಲ್ಲಿಟ್ಟು ಕ್ಲಿಪ್ಪನ್ನು ಕಿವಿಗೆ ಸಿಕ್ಕಿಸಿಕೊಂಡು ಊಟಕ್ಕೆ ಬರುವವನು. ಮಧ್ಯಾಹ್ನ ಗ್ಯಾರೇಜಿನ ಧೂಳು ಕಿಟಕಿಯಿಂದ ಬಿಸಿಲು ಓರೆಯಾಗಿ ಬಿದ್ದು, ಬೀದಿಯ ಪಾಪ್ಲರ್ ಮರಗಳ ಬೀಜದ ಹತ್ತಿ ತೇಲಿಕೊಂಡು ಒಳಗೆ ಬಂದು, ಅವನು ಕಾರಿನ ಸೀಟಿನಲ್ಲಿ ಕೂತು ಬಣ್ಣ ಬಿಡಿಸುವ ತಿನ್ನರಿನ ಘಮದಲ್ಲಿ ಕಣ್ಣು ಮುಚ್ಚಿದನೆಂದರೆ, ಗ್ಯಾರೇಜು ಮೆಲ್ಲಗೆ ಚಲಿಸತೊಡಗುತ್ತಿತ್ತು. ನೆಲ ಗುಂಯ್‌ಗುಡುತ್ತಿತ್ತು. ಮೇಲಿನಿಂದ ಸರಪಳಿಗಳು ಇಳಿದು ಬರುತ್ತಿದ್ದವು. ಕಾರುಗಳು ದೋಣಿಗಳಂತೆ ಒಂದರ ಹಿಂದೆ ಒಂದು ಸದ್ದಿಲ್ಲದೆ ಹಾಯುತ್ತಿದ್ದವು. ಬರ್ನಡೀನ್ ಬಂದು ಬಾನೆಟ್ ಬಡಿದಾಗಲೇ ದೋಣಿಗಳು ಮುಳುಗುತ್ತಿದ್ದುದು.

ಈ ಚಿಲ್ಲರೆಯ ಹಿಂದೆ ಒಂದು ದೊಡ್ಡ ಆಸೆ ಇತ್ತು. ಹಾಲ್‌ಸ್ಟೆಡ್ ಕಾರ್ಖಾನೆ ಇದ್ದದ್ದು ಇದೇ ಊರಿನಲ್ಲಿ. ಕಾಜ್ ಅಲ್ಲಿ ಮೂವತ್ತೊಂದು ವರ್ಷ ದುಡಿದವನು, ಮೊದಲ ಒಂಬತ್ತು ವರ್ಷ ಬ್ರೇಕೆಣ್ಣೆ ಡಬ್ಬಿಯ ಜಾಗದಲ್ಲಿ. ಎರಡು ನಟ್ಟು ಬಿಗಿ ಮಾಡು, ಬಿಗಿಯಾಗಿದೆ ಎಂಬ ಗುರುತಿಗೆ ಒಂದು ಹಳದಿ ಬಣ್ಣ ಹಚ್ಚು, ಮುಂದಿನ ಕಾರು. ಕಂಪನಿ ಒಂದು ದಿನ ಬಾಗಿಲು ಹಾಕಿಕೊಂಡು ಹೋಯಿತು. ಆ ಗೋಡೆಗಳನ್ನು ಕೆಡವಿದವರೂ ಅದರೊಳಗೆ ದುಡಿದವರೇ, ಗಂಟೆಗೂಲಿಗೆ. ಈಗ ಆ ಬಯಲಿನಲ್ಲಿ ಗಾಜಿನ ಒಂದು ಸ್ಮಾರಕ ಭವನ ಎದ್ದಿತ್ತು. ಒಳಗೆ ಸ್ಥಾಪಕನ ಚಿತ್ರ, ಸ್ಥಾಪಕನ ಮಗನ ಚಿತ್ರ, ಕಾರಿನ ಆಕಾರ ಬರೆದವನ ಚಿತ್ರ, ಅದನ್ನು ಪಂದ್ಯದಲ್ಲಿ ಓಡಿಸಿ ಗೆದ್ದವನ ಚಿತ್ರ, ಸ್ಥಾಪಕನ ನಾಯಿಯ ಚಿತ್ರ. ಕೊನೆಯಲ್ಲಿ ಹಿತ್ತಾಳೆ ಅಕ್ಷರದಲ್ಲಿ: 'ಮತ್ತು ಅನೇಕರು.' ಆ ಎರಡು ಪದಗಳೊಳಗೆ ಹನ್ನೊಂದು ಸಾವಿರ ಜನ ಉಸಿರು ಬಿಗಿಹಿಡಿದು ನಿಂತಿದ್ದರು. ನಾಯಿಗೆ ಹೆಸರಿತ್ತು.

ಭವನದ ನಡುವೆ ಖಾಲಿ ಬಿಟ್ಟ ಒಂದು ಕಟ್ಟೆ ಇತ್ತು. ಬ್ಯಾಜರ್ ಮಾಲೀಕರ ಸಂಘದಿಂದ ಚಿನ್ನದ ಪತ್ರ ಪಡೆದ ಊರಿನ ಮೊದಲ ಕಾರು ಆ ಕಟ್ಟೆಯ ಮೇಲೆ ನಿಲ್ಲುವುದು, ಕೆಳಗೆ ಹಿತ್ತಾಳೆ ಫಲಕದಲ್ಲಿ ಮಾಲೀಕನ ಹೆಸರು. ನೂರಕ್ಕೆ ತೊಂಬತ್ತೆಂಟು ಅಂಕ ಬಂದರೆ ಚಿನ್ನ.

"'ಮತ್ತು ಅನೇಕರು' ಒಳಗಿಂದ ನಾನು ಆಚೆ ಬರ್ತೀನಿ ಬರ್ನಿ," ಅಂದಿದ್ದ ಕಾಜ್. ಬರ್ನಡೀನ್ ಇದನ್ನು ಚರ್ಚಿನಲ್ಲಿ ಹೇಳಿದಳು. ಅವಳ ತಮ್ಮ, ವಿಮೆ ಮಾರುವ ಲೆನರ್ಡ್, ಇದನ್ನು ಉಳಿದೆಲ್ಲ ಕಡೆ ಹೇಳಿದ. ಕಾರು ಸ್ಪರ್ಧೆಗೆ ಹೋಗುವ ಮೊದಲೇ ಅರ್ಧ ಊರು ಕಾಜ್‌ನನ್ನು ಅಭಿನಂದಿಸಿಯಾಗಿತ್ತು. ಅವನೂ ನಾಚದೆ ಸ್ವೀಕರಿಸಿದ್ದ.

ಮೇ ತಿಂಗಳ ಕೊನೆಯ ಭಾನುವಾರ ನದಿದಂಡೆಯ ಹುಲ್ಲಿನ ಮೇಲೆ ಸ್ಪರ್ಧೆ. ತೀರ್ಪುಗಾರರು ಡಾಕ್ಟರ್ ಪ್ರೆಂಟಿಸ್ ಹೋಲ್ಕಂಬ್. ಸರೋವರದಂಚಿನ ಸಿರಿವಂತರ ಬಡಾವಣೆಯ ಹಲ್ಲಿನ ಡಾಕ್ಟರು. ಬ್ಯಾಜರ್ ಕೈಪಿಡಿಯ ಏಳನೇ ಅಧ್ಯಾಯ, 'ಕಾರ್ಖಾನೆಯ ಬಣ್ಣದ ಗುರುತುಗಳು', ಬರೆದವರು. ಅವರು ಬಿಳಿ ಕೈಗವಸು ತೊಟ್ಟು, ಹಲ್ಲು ನೋಡುವ ಪುಟ್ಟ ಕನ್ನಡಿಯನ್ನೇ ತಂದು, ಬಾನೆಟ್ ಎತ್ತಿಸಿ, ಕಾರಿನ ದವಡೆಯೊಳಗೆ ತಲೆ ಹಾಕಿದರು.

"ಆಹಾ," ಅಂದರು. "ಆಹಾಹಾ. ಅರುವತ್ತಮೂರು ಕ್ಲಿಪ್ಪೂ ಅಸಲಿ! ಮಿಸ್ಟರ್ ವೊಯ್ತಾಲಾ, ನೀವು ಸಂತರು ರೀ." ಒಂದು ಗುಂಡಿಯ ಬಿಳುಪು ಸ್ವಲ್ಪ ಹೆಚ್ಚಾಯಿತೆಂದು ಒಂದು ಅಂಕ ಕಳೆದರು. ತೊಂಬತ್ತೊಂಬತ್ತು. ಲೆನರ್ಡ್ ಚಪ್ಪಾಳೆ ತಟ್ಟಲು ಕೈ ಎತ್ತಿದ. ಆಗ ಪುಟ್ಟ ಕನ್ನಡಿ ಬ್ರೇಕೆಣ್ಣೆ ಡಬ್ಬಿಯ ಪಕ್ಕೆಗೆ ಹೋಯಿತು.

"ಇದರ ಬಾಲ ಎಲ್ಲಿ?"

"ಯಾವುದರ ಬಾಲ?"

"ಹಳದಿ ಗುರುತಿನ ಬಾಲ. ಧೂಮಕೇತು ರೀ. ಹಾಲ್‌ಸ್ಟೆಡ್ ಧೂಮಕೇತು!" ಡಾಕ್ಟರು ಕೈಪಿಡಿಯ ಹಾಳೆ ಮಗುಚಿದರು. "ಯಾರೂ ರಿಪೇರಿಗೆ ಮುಟ್ಟದೆ ಉಳಿದಿರೋ ಹದಿನೆಂಟು ಕಾರುಗಳನ್ನ ನಾನೇ ಅಳೆದಿದ್ದೀನಿ. ಮುಂದೆ ತಲೆ, ಹಿಂದಕ್ಕೆ ಎರಡೂಕಾಲು ಇಂಚು ಬಾಲ. ವೇಗದ ಸಂಕೇತ. ಕಂಪನಿ ಅದನ್ನ ಬಹಳ ಯೋಚನೆ ಮಾಡಿ ರೂಪಿಸಿತ್ತು. ಮೊದಲನೇ ವರ್ಗ, ನೇರ ಬಾಲ. ಎರಡನೇ ವರ್ಗ, ಅಂಕುಡೊಂಕು ಬಾಲ. ಅದನ್ನ ಎಡಗೈ ಕಲಾವಿದ ಬರೀತಿದ್ದ ಅಂತ ನನ್ನ ಅಭಿಪ್ರಾಯ. ನೀವು ಬರೀ ಚುಕ್ಕೆ ಇಟ್ಟಿದ್ದೀರಿ. ಎರಡು ಅಂಕ ಹೋಯ್ತು."

ತೊಂಬತ್ತೇಳು. ಬೆಳ್ಳಿ. ಲೆನರ್ಡ್ ಎತ್ತಿದ ಕೈಯಿಂದ ತಲೆ ಕೆರೆದುಕೊಂಡ.

"ಡಾಕ್ಟ್ರೇ," ಅಂದ ಕಾಜ್, "ಆ ಗುರುತು ಇಡ್ತಿದ್ದೋನು ನಾನೇ."

"ಸಂತೋಷ."

"ನಾನು ಚುಕ್ಕೆ ಇಡ್ತಿದ್ದೆ. ಬಾಲಗೀಲ ಯಾವತ್ತೂ ಇಟ್ಟಿಲ್ಲ. ಒಂಬತ್ತು ವರ್ಷ ಚುಕ್ಕೆ. ಬ್ರಷ್ಷು ಅದ್ದು, ಒತ್ತು, ತೆಗಿ."

ಡಾಕ್ಟರು ರೋಗಿಯೊಬ್ಬ ತನಗೆ ಹಲ್ಲೇ ಇಲ್ಲ ಎಂದಾಗ ನೋಡುವಂತೆ ನೋಡಿದರು. "ನೆನಪು ದಾಖಲೆ ಅಲ್ಲ ಮಿಸ್ಟರ್ ವೊಯ್ತಾಲಾ. ನನ್ನ ಹತ್ರ ಹದಿನೆಂಟು ಫೋಟೋ ಇದೆ. ನಿಮ್ಮ ಹತ್ರ ಏನಿದೆ?"

ಕಾಜ್ ತನ್ನ ಬಲಗೈ ಎತ್ತಿ ತೋರಿಸಿದ. ನಿಯಮಾವಳಿಯಲ್ಲಿ ಕೈಗೆ ಅಂಕವಿರಲಿಲ್ಲ.

ಆದರೆ ಮೂವತ್ತು ದಿನದೊಳಗೆ ಮಾಲೀಕನ ಮನೆಯಲ್ಲೇ ಮರುಪರೀಕ್ಷೆ ಕೇಳಬಹುದೆಂಬ ನಿಯಮ ಇತ್ತು. ಕಾಜ್ ಕೇಳಿದ. ಡಾಕ್ಟರು ಒಪ್ಪಿದರು. "ಸುಲಭ," ಅಂದರು ಹೋಗುವಾಗ, ಪ್ರೀತಿಯಿಂದಲೇ. "ಅಷ್ಟರಲ್ಲಿ ಒಂದು ಬಾಲ ಎಳೆದುಬಿಡಿ. ಎರಡೂಕಾಲು ಇಂಚು. ಚಿನ್ನ ನಿಮ್ಮದು."

"ನಾನು ಇಡದೆ ಇರೋದನ್ನ ಇಟ್ಟೆ ಅಂತ ಇಡೋದಿಲ್ಲ," ಅಂದ ಕಾಜ್.

ಲೆನರ್ಡ್ ಈ ಮಾತನ್ನು ಊರಿಗೆ ಒಯ್ದ. ಹೊರಟಾಗ ಅದು 'ಭಾವನ ಕಾರಿನ ಗುರುತು ಅಸಲಿ ಅಲ್ಲವಂತೆ' ಎಂದಿತ್ತು. ಬೇಕರಿ ದಾಟುವಾಗ 'ಕಾರೇ ಅಸಲಿ ಅಲ್ಲವಂತೆ' ಆಯಿತು. ಚರ್ಚಿನ ಮೆಟ್ಟಿಲು ಹತ್ತುವ ಹೊತ್ತಿಗೆ 'ಕಾಜ್ ಕಾರ್ಖಾನೆಯಲ್ಲಿ ದುಡಿದೇ ಇಲ್ಲವಂತೆ, ಮೂವತ್ತೊಂದು ವರ್ಷ ಬುತ್ತಿ ಹಿಡಿದು ಎಲ್ಲಿಗೋ ಹೋಗುತ್ತಿದ್ದನಂತೆ' ಎಂದಾಯಿತು.

ಎದುರುಮನೆಯ ವಿಧವೆ ಮಿಸೆಸ್ ಡಾಂಬ್ರೋಸ್ಕಿ ಸಾವಿನ ಮನೆಗೆ ಒಯ್ಯುವ ಅದೇ ದೊಡ್ಡ ಬೋಗುಣಿಯಲ್ಲಿ ಆಲೂಗಡ್ಡೆ ಕಡುಬು ತಂದಳು. "ಬರ್ನಡೀನ್, ಧೈರ್ಯವಾಗಿರಮ್ಮ. ಅಷ್ಟು ವರ್ಷ ಅವನು ಯಾರ ಮನೆಗೆ ಹೋಗ್ತಿದ್ದ ಅಂತ ನಾನು ಕೇಳೋದಿಲ್ಲ."

"ಕೇಳೋದಾದ್ರೆ ಕೇಳು. ಅವಳ ಮನೇಲಿ ಓವನ್ ಇದ್ರೆ ಕಾರಿನ ಸಾಮಾನೆಲ್ಲ ಅಲ್ಲಿಗೇ ಕಳಿಸ್ತೀನಿ," ಅಂದಳು ಬರ್ನಡೀನ್. ಕಡುಬು ಮಾತ್ರ ಇಟ್ಟುಕೊಂಡಳು.

ಕಾಜ್ ಗ್ಯಾರೇಜಿನಿಂದ ಹೊರಗೆ ಬರುವುದನ್ನೇ ಬಿಟ್ಟ. ಜೂನ್ ಬಂತು. ಪಾಪ್ಲರ್ ಹತ್ತಿ ಬೀದಿಯ ತುಂಬ ಹಿಮದಂತೆ ಉದುರತೊಡಗಿತು. ಆದರೆ ಹಿಮ ಕೆಳಗೆ ಬೀಳುತ್ತದೆ, ಇದು ಎಲ್ಲಿಗೆ ಬೀಳಬೇಕೆಂದು ನಿರ್ಧರಿಸದೆ ಸುಮ್ಮನೆ ಅಲೆಯುತ್ತದೆ. ಅವನೂ ಹಾಗೇ ಸೀಟಿನಲ್ಲಿ ಅಲೆದ. ಕನಸಿನಲ್ಲಿ ಕಾರುಗಳು ಬಂದವು. ಅವನು ಬ್ರಷ್ಷು ಅದ್ದಿದ, ಒತ್ತಿದ, ತೆಗೆದ. ಗುರುತು ನೋಡೋಣವೆಂದು ಕತ್ತು ಚಾಚಿದರೆ ಕಾರು ಆಗಲೇ ಮಂಜಿನೊಳಗೆ ಹೋಗಿರುತ್ತಿತ್ತು. ಒಂದಾದರೂ ತಿರುಗಿ ನೋಡಲಿಲ್ಲ.

ಗೆಳೆಯ ರೂಫಸ್ ಟಿಲ್ಮನ್ ಬಂದು ಎಬ್ಬಿಸಿದ. ಮೂರು ಮನೆ ಆಚೆಯವನು, ಆರಡಿ ನಾಲ್ಕಿಂಚಿನ ಕಪ್ಪು ಮನುಷ್ಯ. ಕಾರ್ಖಾನೆಯಲ್ಲಿ ಕಾಜ್‌ನ ಪಕ್ಕದ ಜಾಗ ಅವನದು, ಕಾರ್ಮಿಕ ಸಂಘದ ಮುಂದಾಳಾಗಿದ್ದವನು.

"ಲೋ ಕಾಜ್, ನೀನು ಕಾರ್ಖಾನೇಲಿ ಇರ್ಲಿಲ್ಲವಂತೆ? ಹಂಗಾದ್ರೆ ಒಂಬತ್ತು ವರ್ಷ ನನ್ನ ಸಿಗರೇಟು ಕದ್ದೋನು ಯಾರೋ?"

"ರೂಫಸ್, ನಿಜ ಹೇಳು. ನಾನು ಚುಕ್ಕೆ ಇಡ್ತಿದ್ನೋ, ಬಾಲ ಇಡ್ತಿದ್ನೋ?"

ರೂಫಸ್ ಯೋಚಿಸಿದ. "ನನಗೇನು ಗೊತ್ತು ಮಾರಾಯ? ನಿನ್ನ ಕಡೆ ನೋಡೋಕೆ ನನಗೆ ಪುರುಸೊತ್ತು ಎಲ್ಲಿತ್ತು? ನೀನು ನೋಡಿಲ್ವಾ?"

"ಇಲ್ಲ."

ಇಬ್ಬರೂ ಬಗ್ಗಿ ಆ ಚುಕ್ಕೆಯನ್ನು ನೋಡಿದರು.

"ಆ ಹಲ್ಲಿನ ಡಾಕ್ಟ್ರು ಯಾವಾಗ ಬರ್ತಾನೆ?" ಅಂದ ರೂಫಸ್.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಡಾಕ್ಟರು ಬಂದರು. ಅವರ ಹಿಂದೆಯೇ ಪೊಲೀಸ್ ಕಾರೂ ಬಂತು. ನಕಲಿ ಕಾರು, ಸುಳ್ಳು ಉದ್ಯೋಗ, ಎರಡನೆಯ ಸಂಸಾರ ಎಂದು ಯಾರೋ ಪುಣ್ಯಾತ್ಮರು ದೂರು ಕೊಟ್ಟಿದ್ದರು. ಅಧಿಕಾರಿ ಯೋಲಾಂಡಾ ರೀಸ್ ಎಂಬ ಇಪ್ಪತ್ತಾರರ ಹುಡುಗಿ, ಸೊಂಟಕ್ಕಿಂತ ಅಗಲವಾದ ಬೆಲ್ಟು ಕಟ್ಟಿಕೊಂಡು ಇಳಿದಳು.

"ಇಲ್ಲಿ ನಕಲಿ ಯಾವುದು?" ಅಂದಳು.

"ಬಾಲ ಇಲ್ಲದ್ದು," ಅಂದರು ಡಾಕ್ಟರು.

"ಬಾಲ ಇರೋದು," ಅಂದ ಕಾಜ್.

"ಕೂತ್ಕೊಳ್ಳಿ, ಕಾಫಿ ಕುಡೀರಿ," ಅಂದಳು ಬರ್ನಡೀನ್. ಡಾಕ್ಟರು ಸಂಕೋಚದ ಮನುಷ್ಯ, ಬೇಡವೆನ್ನಲಾರದೆ ಮೂರು ದೊಡ್ಡ ಲೋಟ ಕುಡಿದರು. ಕಥೆಗೆ ಇದು ಮುಖ್ಯ.

ರೂಫಸ್ ಎದ್ದು ನಿಂತ. "ಡಾಕ್ಟ್ರೇ, ನಿಮ್ಮ ಹದಿನೆಂಟು ಕಾರಿಗೂ ಗುರುತು ಇಟ್ಟಾಗ ಅವು ನಿಂತಿದ್ವಾ, ಹೋಗ್ತಿದ್ವಾ?"

"ಅಂದ್ರೆ?"

"ಇವನು ಗ್ಯಾರೇಜಲ್ಲಿ ಚುಕ್ಕೆ ಇಟ್ಟಾಗ ಕಾರು ನಿಂತಿತ್ತು. ಕಾರ್ಖಾನೇಲಿ ಕಾರು ಯಾವತ್ತೂ ನಿಂತಿಲ್ಲ. ಅವನ ಕೈಗೆ ಏನು ಗೊತ್ತು ಅಂತ ನೋಡ್ಬೇಕಾದ್ರೆ ಸಾಲು ಓಡ್ಬೇಕು. ಒಂದು ಕಾರಿನ ಸಾಲು ಸಾಲಲ್ಲ. ಲೆನರ್ಡ್, ನಿನ್ನ ಗಾಡಿ ತಗೊಂಡ್ಬಾ. ಮಿಸೆಸ್ ಡಾಂಬ್ರೋಸ್ಕಿ, ನಿಮ್ಮದೂ. ಅಮ್ಮಣ್ಣಿ ಅಧಿಕಾರಿ, ನಿಮ್ಮ ಕಾರು ದಾರಿಗೆ ಅಡ್ಡ ಇದೆ, ಮೂರನೇದಾಗಿ ಸೇರಿಸಿ."

"ಇದು ಸರ್ಕಾರಿ ವಾಹನ ತಾತ."

"ನಿಮ್ಮಜ್ಜ ಡೆಲ್ಬರ್ಟ್ ರೀಸ್ ತಾನೆ? ಕಾರ್ಖಾನೇಲಿ ಬಾಗಿಲು ಕೂರಿಸೋ ಜಾಗ. ಬಲಗೈಯ ಎರಡು ಬೆರಳು ಇರ್ಲಿಲ್ಲ."

ಹುಡುಗಿ ಹೋಗಿ ತನ್ನ ಕಾರಿನ ಬಾನೆಟ್ ಎತ್ತಿದಳು.

ಹೀಗೆ ಪುಲಾಸ್ಕಿ ಬೀದಿಯಲ್ಲಿ ನಾಲ್ಕು ಕಾರುಗಳು ಒಂದರ ಮೂತಿಗೆ ಇನ್ನೊಂದರ ಬೆನ್ನು ಹಿಡಿದು, ಬಾಯಿ ತೆರೆದುಕೊಂಡು, ಸಾಲಾಗಿ ನಿಂತವು. ಕೊನೆಗೆ ಬ್ಯಾಜರ್, ಅದರ ಚಕ್ರದ ಹಿಂದೆ ಬರ್ನಡೀನ್. ಎತ್ತಿದ ಬಾನೆಟ್ಟಿನಿಂದಾಗಿ ಮುಂದೆ ಕಾಣದ ಚಾಲಕರೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ರೂಫಸ್ ಬಸವನಹುಳುವಿನ ಒಂದು ನಡಿಗೆ ತೋರಿಸಿ, ಅಷ್ಟೇ ವೇಗ, ಹೆಚ್ಚಿಲ್ಲ ಕಡಿಮೆಯಿಲ್ಲ, ಅಂದ.

"ಇಷ್ಟೇನಾ?" ಡಾಕ್ಟರು ನಕ್ಕರು. "ಇದಕ್ಕೆ ಇಷ್ಟು ಗೋಳಾಡಿದ್ರಾ? ಇದರ ಜೊತೆ ನಾನು ಪೇಪರ್ ಓದ್ತಾ ನಡೀಬಹುದು."

"ಓದಿ ಡಾಕ್ಟ್ರೇ. ಮೊದಲು ನಟ್ಟು ತಿರುಗಿಸೋ ಈ ಪಾನ ಹಿಡೀರಿ. ನೀವು ನಟ್ಟು, ಅವನು ಬಣ್ಣ."

ಕಾಜ್ ಲೈಲಾಕ್ ಪೊದೆಯ ಪಕ್ಕ ಹಳದಿ ಬಣ್ಣದ ಡಬ್ಬಿ ಹಿಡಿದು ನಿಂತ. ಹತ್ತಿ ಉದುರುತ್ತಿತ್ತು. ರೂಫಸ್ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದ. ಸಾಲು ಕದಲಿತು. ನಾಲ್ಕು ಎಂಜಿನ್ನುಗಳ ಗುಂಯ್ ಸದ್ದು ನೆಲದಿಂದ ಕಾಜ್‌ನ ಅಂಗಾಲಿಗೆ ಏರಿತು. ಅವನ ಕಣ್ಣುಗಳು ಅರ್ಧ ಮುಚ್ಚಿದವು. ಬೀದಿಯ ಮನೆಗಳು ಒಂದೊಂದಾಗಿ ಬಿಳಿಯಲ್ಲಿ ಕರಗಿ, ಮೇಲೆ ಎಲ್ಲೋ ಸರಪಳಿ ಕಿರುಗುಟ್ಟಿತು.

"ಹೇ ಸೋಮಾರಿ! ಇದೇನು ನಿನ್ನ ಅತ್ತೆ ಮನೆಯಾ!" ರೂಫಸ್ ಗುಡುಗಿದ. ಮೂವತ್ತು ವರ್ಷ ಮೇಸ್ತ್ರಿಗಳಿಂದ ಬೈಸಿಕೊಂಡದ್ದನ್ನೆಲ್ಲ ಅವನು ಕೂಡಿಟ್ಟಿದ್ದ. "ಇದು ಗಂಟೆಗೆ ನಲವತ್ತೆರಡು ಕಾರು! ಎಪ್ಪತ್ತರ ಅಕ್ಟೋಬರಿಂದ ಗಂಟೆಗೆ ಐವತ್ತೇಳು! ಜಾಸ್ತಿ ಆಳಿಲ್ಲ, ಜಾಸ್ತಿ ಕೆಲಸ ಇದೆ! ಡಾಕ್ಟ್ರೇ, ಬಗ್ಗಿ! ಎರಡು ನಟ್ಟು! ಆಯ್ತಾ? ಆಗ್ಲಿಲ್ವಾ? ಕಾರು ಹೋಯ್ತು! ಮುಂದಿನದಕ್ಕೆ ಬನ್ನಿ!"

ಲೆನರ್ಡನ ಗಾಡಿಯ ಮೊದಲ ನಟ್ಟು ಹುಡುಕುವುದರೊಳಗೆ ಮಿಸೆಸ್ ಡಾಂಬ್ರೋಸ್ಕಿಯ ಕಾರು ಡಾಕ್ಟರ ಬೆನ್ನಿಗೆ ಬಂದು ನಿಂತಿತ್ತು. ನಿಂತಿತ್ತು ಎನ್ನುವುದೇ ತಪ್ಪು, ಹೋಗುತ್ತಿತ್ತು. ಬಸವನಹುಳು ನೋಡುವವನಿಗೆ ಬಸವನಹುಳು. ಅದರ ಮೇಲೆ ಕೆಲಸ ಮಾಡುವವನಿಗೆ ಅದು ಹುಲಿ. ಡಾಕ್ಟರ ಬಿಳಿ ಕೈಗವಸು ಕಪ್ಪಾಯಿತು. ಕನ್ನಡಿ ಎಲ್ಲೋ ಬಿತ್ತು.

"ಒಂದು ನಿಮಿಷ ನಿಲ್ಸಿ! ನಾನು... ನನಗೆ ಒಳಗೆ ಹೋಗ್ಬೇಕು."

"ಯಾಕೆ?"

ಡಾಕ್ಟರು ದನಿ ತಗ್ಗಿಸಿದರು. "ಕಾಫಿ."

"ಕೈ ಎತ್ತಿ. ಬದಲಿ ಆಳು ಬರ್ತಾನೆ. ಅವನು ಬಂದ ಮೇಲೆ ಹೋಗಿ."

ಡಾಕ್ಟರು ಕೈ ಎತ್ತಿದರು. ಯಾರೂ ಬರಲಿಲ್ಲ. ಅವರು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದರು. "ಬದಲಿ ಆಳು ಯಾವಾಗ ಬರ್ತಾನೆ?"

"ಎಪ್ಪತ್ತೆರಡರಲ್ಲಿ ಹದಿನಾರು ದಿನ ಮುಷ್ಕರ ಮಾಡಿದ್ವಿ. ಆಮೇಲೆ ಬಂದ," ಅಂದ ರೂಫಸ್. "ಅಲ್ಲೀವರೆಗೂ ಬ್ರಷ್ಷು ಹಿಡೀರಿ. ಪೊಲೀಸ್ ಕಾರು ಬಂತು, ಇದು ನಿಮ್ಮದು. ಹಚ್ಚಿ!"

ಡಾಕ್ಟರು ಮೊಣಕಾಲು ಹೆಣೆದುಕೊಂಡು, ಇಡೀ ಮೈ ಅಲುಗುತ್ತಾ, ಬ್ರಷ್ಷನ್ನು ಪೊಲೀಸ್ ಕಾರಿನ ಡಬ್ಬಿಗೆ ಒತ್ತಿದರು. ಕಾರು ಹೋಯಿತು. ಅವರು ಅದರ ಹಿಂದೆ ಕುಂಟುತ್ತಾ ಓಡಿ ಗುರುತು ನೋಡಿದರು. ಅಂಕುಡೊಂಕು ಬಾಲ, ಎರಡೂಕಾಲು ಇಂಚು.

"ಎರಡನೇ ವರ್ಗ!" ಎಂದು ಕೂಗಿದರು. ಎಡಗೈ ಕಲಾವಿದನನ್ನು ಹುಡುಕಿ ಹದಿಮೂರು ವರ್ಷ ಅಲೆದವರ ಕೂಗು ಅದು. ಬಳಿಕ ತಮ್ಮ ಬಲಗೈ ನೋಡಿಕೊಂಡರು, ಮೊಣಕಾಲು ನೋಡಿಕೊಂಡರು. ಆಮೇಲೆ ಬರ್ನಡೀನಳ ಮನೆಯೊಳಕ್ಕೆ ಓಡಿದರು. ಅಂಥ ಓಟವನ್ನು ಬ್ಯಾಜರ್ ಕೂಡ ಓಡಿದ್ದಿಲ್ಲ.

ಅವರು ಮರಳುವಾಗ ಬ್ಯಾಜರ್ ಲೈಲಾಕ್ ಪೊದೆಯ ಹತ್ತಿರ ಬರುತ್ತಿತ್ತು. ಕಾಜ್ ಮೊದಲೇ ತನ್ನ ದುಂಡು ಚುಕ್ಕೆಯನ್ನು ತಿನ್ನರಿನಿಂದ ಒರೆಸಿ ಡಬ್ಬಿಯ ಪಕ್ಕೆಯನ್ನು ಬರಿದು ಮಾಡಿಟ್ಟಿದ್ದ. ಈಗ ಅವನು ಏನನ್ನೂ ನೋಡುತ್ತಿರಲಿಲ್ಲ. ಮುಖ ನಿದ್ದೆಯಲ್ಲಿದ್ದವನದು. ಕೈ ಮಾತ್ರ ಎಚ್ಚರವಿತ್ತು. ಡಾಕ್ಟರು ಬಿಟ್ಟುಹೋದ ಪಾನ ಎರಡು ಸಲ ಕಟಕ್ ಎಂದಿತು. ಬ್ರಷ್ಷು ಅದ್ದಿತು, ಒತ್ತಿತು, ತೆಗೆಯಿತು. ಬ್ರಷ್ಷು ಡಬ್ಬಿಯ ಮೇಲೆ ಇರುವಾಗಲೇ ಅವನ ಕಾಲುಗಳು ಹಿಂದೆ ತಿರುಗಿದ್ದವು, ಬಾರದ ಐದನೆಯ ಕಾರಿನ ಕಡೆಗೆ.

ಬರ್ನಡೀನ್ ಬ್ರೇಕು ಒತ್ತಿದಳು. "ಕಾಜ್," ಅಂದಳು, "ಮುಗೀತು. ಇನ್ನು ಕಾರಿಲ್ಲ. ಈಚೆ ತಿರುಗಿ ನೋಡು."

ಅವನು ತಿರುಗಿ ನೋಡಿದ. ಡಬ್ಬಿಯ ಪಕ್ಕೆಯಲ್ಲಿ ಹಳದಿ ತಲೆ, ಹಿಂದಕ್ಕೆ ನೇರವಾದ ಬಾಲ. ಡಾಕ್ಟರು ಅಳೆಯಬೇಕಾಗಿರಲಿಲ್ಲ, ಆದರೂ ಅಳೆದರು.

"ಒಂಬತ್ತು ವರ್ಷ," ಅಂದ ಕಾಜ್. "ನಾನು ಚುಕ್ಕೇನೇ ಇಡ್ತಿದ್ದೆ ರೂಫಸ್. ಆಣೆಗೂ."

"ನೀನು ಚುಕ್ಕೇನೇ ಇಟ್ಟೆ ಕಣೋ," ಅಂದ ರೂಫಸ್, ಮೇಸ್ತ್ರಿಯ ದನಿ ಬಿಟ್ಟು. "ಬಾಲ ಎಳೆದೋರು ಸಾಲು ಓಡಿಸ್ತಿದ್ದೋರು."

ಡಾಕ್ಟರು ಪೆನ್ನು ತೆಗೆದರು. ಅವರ ಕಣ್ಣು ಒದ್ದೆಯಾಗಿತ್ತು. ಕಾಫಿಯ ಬಿಡುಗಡೆಯಿಂದಲೋ, ಏಳನೇ ಅಧ್ಯಾಯದ ಮರಣದಿಂದಲೋ ಹೇಳಲಾಗದು. "ಮಿಸ್ಟರ್ ವೊಯ್ತಾಲಾ, ಇಂಥ ಅಸಲಿ ಗುರುತು ಭೂಮಿ ಮೇಲೆ ಇನ್ನೊಂದಿಲ್ಲ. ತೊಂಬತ್ತೊಂಬತ್ತು. ಚಿನ್ನ! ಕಟ್ಟೆ ನಿಮ್ಮದು, ಫಲಕ ನಿಮ್ಮದು. ದಯವಿಟ್ಟು ಯಾರೂ ಮುಟ್ಟಬೇಡಿ, ಒಣಗ್ಲಿ."

ಬೀದಿಯಲ್ಲಿ ಚಪ್ಪಾಳೆ ಎದ್ದಿತು. ಲೆನರ್ಡ್‌ಗೆ ಕೊನೆಗೂ ಕೈ ಎತ್ತಿದ್ದಕ್ಕೆ ಕೆಲಸ ಸಿಕ್ಕಿತು. ಮಿಸೆಸ್ ಡಾಂಬ್ರೋಸ್ಕಿ ತಾನು ಮೊದಲಿನಿಂದಲೂ ಕಾಜ್‌ನನ್ನು ನಂಬಿದ್ದೆನೆಂದು ಪೊಲೀಸರಿಗೆ ಹೇಳಿಕೆ ಕೊಟ್ಟಳು.

ಕಾಜ್ ಕಾರಿನ ಹತ್ತಿರ ಹೋದ. ಬಹಳ ಹೊತ್ತು ಬಗ್ಗಿ ನೋಡಿದ. ಆಮೇಲೆ ಜೇಬಿನಿಂದ ತಿನ್ನರಿನ ಬಟ್ಟೆ ತೆಗೆದು, ತಲೆಯಿಂದ ಬಾಲದ ತುದಿಯವರೆಗೆ ಒಂದೇ ಸಲ ಒರೆಸಿಬಿಟ್ಟ.

ಡಾಕ್ಟರು ಹಲ್ಲು ಕೀಳಿಸಿಕೊಂಡವರಂತೆ ಚೀರಿದರು. "ಅಯ್ಯೋ! ಚಿನ್ನ ರೀ ಅದು!"

"ಭಾವ!" ಅಂದ ಲೆನರ್ಡ್. "ನಿನಗೆ ತಲೆ ಕೆಟ್ಟಿದ್ಯಾ? ಫಲಕ! ನಿನ್ನ ಹೆಸರು!"

"ಬರ್ನಿ, ಗಾಡಿ ಆಫ್ ಮಾಡು," ಅಂದ ಕಾಜ್. "ಎಲ್ರೂ ಆಫ್ ಮಾಡಿ."

ಎಂಜಿನ್ನುಗಳು ಒಂದೊಂದಾಗಿ ನಿಂತವು. ಹತ್ತಿ ಬೀಳುವುದೂ ಕೇಳುವಷ್ಟು ಬೀದಿ ಸುಮ್ಮನಾಯಿತು. ಕಾಜ್ ಒಂದು ಸ್ಟೂಲು ತಂದು ಹಾಕಿ ಕೂತ. ಕಾರ್ಖಾನೆಯಲ್ಲಿ ಆ ಜಾಗಕ್ಕೆ ಸ್ಟೂಲು ಇರಲಿಲ್ಲ. ಬ್ರಷ್ಷು ತೊಳೆದ. ಅದರ ಕೂದಲನ್ನು ತುಟಿಯ ನಡುವೆ ಚೂಪು ಮಾಡಿದ. ಕನ್ನಡಕ ಹುಡುಕಿದ, ಅದು ಹಣೆಯ ಮೇಲಿತ್ತು, ಯೋಲಾಂಡಾ ಇಳಿಸಿ ಮೂಗಿನ ಮೇಲಿಟ್ಟಳು. ಬಣ್ಣ ಅದ್ದಿದ, ಬಣ್ಣದ ಡಬ್ಬಿಯ ಅಂಚಿಗೆ ಎರಡು ಸಲ ಸವರಿದ. ಒಂದು ಉಸಿರು ತೆಗೆದುಕೊಂಡ. ಎರಡನೆಯದೂ ತೆಗೆದುಕೊಂಡ. ಯಾರೂ ಬೈಯಲಿಲ್ಲ. ರೂಫಸ್ ಬೆನ್ನ ಹಿಂದೆ ಕೈ ಕಟ್ಟಿ, ಬೀದಿಯ ಎರಡೂ ತುದಿಗೆ ಕಣ್ಣಿಟ್ಟು, ಮೇಸ್ತ್ರಿ ಬಂದರೆ ತಡೆಯುವವನಂತೆ ಕಾವಲು ನಿಂತ. ಕಾಜ್ ಚುಕ್ಕೆ ಇಟ್ಟ. ಇಟ್ಟ ಮೇಲೆ ಅದನ್ನು ನೋಡುತ್ತಾ ಕೂತ.

ಪಾಪ್ಲರ್ ಹತ್ತಿಯ ಒಂದು ಎಳೆ ಬಂದು ಹಸಿ ಬಣ್ಣದ ಮೇಲೆ ಕೂತಿತು.

"ಡಾಕ್ಟ್ರೇ," ಅಂದ ರೂಫಸ್, "ಕಾರ್ಖಾನೇಲಿ ಹತ್ತಿ ಇರ್ಲಿಲ್ಲ. ಅದಕ್ಕೂ ಕಳೀರಿ."

ಡಾಕ್ಟರು ಅಂಕದ ಹಾಳೆಯನ್ನು ಬ್ಯಾಜರಿನ ಬೆನ್ನಿನ ಮೇಲಿಟ್ಟುಕೊಂಡು ನಿಂತರು. ತೊಂಬತ್ತೊಂಬತ್ತನ್ನು ಹೊಡೆದು ತೊಂಬತ್ತೇಳು ಬರೆದರು. ನಿಯಮದ ಮನುಷ್ಯ, ಬೇರೆ ಬರೆಯಲಾರರು. ಅಂಕ ಕಳೆದರೆ ಕಾರಣ ಬರೆಯಬೇಕೆಂಬುದೂ ನಿಯಮ. ಪೆನ್ನು ಬಹಳ ಹೊತ್ತು ಗಾಳಿಯಲ್ಲಿ ನಿಂತಿತು. ಆಮೇಲೆ ಬರೆದರು, ಹರಿದು ಕೊಟ್ಟರು, ಬರ್ನಡೀನ್ ತಂದ ನಾಲ್ಕನೆಯ ಲೋಟ ಕಾಫಿಗೆ ಕೈ ಮುಗಿದು ಕಾರು ಹತ್ತಿದರು.

ಭವನದ ಕಟ್ಟೆ ಇನ್ನೂ ಖಾಲಿಯಿದೆ. ನಾಯಿಯ ಚಿತ್ರ ಹಾಗೇ ಇದೆ. ಆ ಹಾಳೆ ಮಾತ್ರ ಬರ್ನಡೀನಳ ಫ್ರಿಜ್ಜಿನ ಬಾಗಿಲಿಗೆ ಅಂಟಿದೆ. ಹಾಲು ತೆಗೆಯಲು ಹೋದವರೆಲ್ಲ ಅದನ್ನು ಓದಲೇಬೇಕು:

'ಬ್ರೇಕೆಣ್ಣೆ ಡಬ್ಬಿಯ ಗುರುತು ಕಾರ್ಖಾನೆಯಲ್ಲಿದ್ದಂತಿಲ್ಲ. ಕೆಲಸಗಾರ ಕಾಜಿಮಿರ್ ವೊಯ್ತಾಲಾ ಅವರಿಗೆ ಪುರುಸೊತ್ತು ಸಿಕ್ಕಿದೆ. ಎರಡು ಅಂಕ ಕಳೆಯಲಾಗಿದೆ.'